ಕೊನೆಯ ನಿಲ್ದಾಣ ಅತ್ತೆ ಮನೆ

ಜನವರಿ ೧೧

ಸೊಸೆಗೆ,

ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿರು. ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಬೇಕಾದರೆ ನೀನು ಗಟ್ಟಿಮುಟ್ಟಾಗಿರಬೇಕು.

ಮೊನ್ನೆ ನಿಮ್ಮ ಮನೆಯ ಊಟದ ಮೇಜಿನ ಮುಂದೆ, "ಆ ಬಸ್ಸು ವಾಪಸ್ ಬರೋವರೆಗೂ ನಿನ್ನ ಹತ್ರ ಮಾತಾಡಲ್ಲ" ಅಂದೆನಲ್ಲ, ಅದರಿಂದ ನಾನು ಹಿಂದೆ ಸರಿಯುವುದಿಲ್ಲ. ಆದರೆ ಮಾತಾಡುವುದಿಲ್ಲ ಅಂದೆ, ಬರೆಯುವುದಿಲ್ಲ ಅಂದಿಲ್ಲ. ಬೈಯಬೇಕಾದದ್ದು ಇನ್ನೂ ಬಹಳ ಉಳಿದಿದೆ. ಹೊಟ್ಟೆಯಲ್ಲಿಟ್ಟುಕೊಂಡರೆ ಅಜೀರ್ಣ. ಅದಕ್ಕೇ ಈ ಕಾಗದ.

ಒಂಬತ್ತನೇ ನಂಬರ್ ಬಸ್ಸು ನನ್ನನ್ನು ಹೊಲಿಗೆ ಅಂಗಡಿಯ ಮುಂದೆ ಹತ್ತಿಸಿಕೊಂಡು ನಿಮ್ಮ ಬೀದಿಯ ತುದಿಯಲ್ಲಿ ಇಳಿಸುತ್ತಿತ್ತು. ಗುರುವಾರ ಅಂಗಡಿಗೆ ರಜೆ, ನನಗೆ ಒಂಬತ್ತು. ಕಿಟಕಿಯ ಪಕ್ಕ ಕೂತು ಒಂದು ನಿದ್ದೆ ತೆಗೆದರೂ ನಿಮ್ಮ ಮನೆ ತಪ್ಪುತ್ತಿರಲಿಲ್ಲ. ಅಂಥ ಬಸ್ಸನ್ನು ನಿಲ್ಲಿಸಿದವರು ಯಾರು? ಸಾರಿಗೆ ಯೋಜನಾ ಕಚೇರಿ. ಅಲ್ಲಿ ಕೂತು ನಕ್ಷೆ ಬರೆದವರು ಯಾರು? ನಮ್ಮ ಮನೆಯ ಸೊಸೆ. ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುವುದು ಇದಕ್ಕೇ.

ನಾನು ಇಷ್ಟು ವರ್ಷ ಬೇರೆಯವರ ಬಟ್ಟೆ ಸರಿಮಾಡಿಕೊಂಡು ಬದುಕಿದವಳು. ಉದ್ದವಾದರೆ ಮಡಿಸಿ ಹೊಲಿಯುತ್ತೇನೆ, ಬಿಗಿಯಾದರೆ ಬಿಚ್ಚುತ್ತೇನೆ. ಕೋಟು ಹಳೆಯದಾಯಿತು ಅಂತ ಗಿರಾಕಿಯನ್ನು ಬರಿಮೈಯಲ್ಲಿ ಮನೆಗೆ ಕಳಿಸಿದವಳಲ್ಲ.

ನನ್ನ ಮಗನಿಗೂ ಒಂದು ಮಾತು ಹೇಳು. ಹಲ್ಲಿನ ಡಾಕ್ಟರಾಗಿ ಊರಿನವರ ಬಾಯನ್ನೆಲ್ಲ ತೆರೆಸುತ್ತಾನೆ, ಆವತ್ತು ಊಟದ ಮೇಜಿನಲ್ಲಿ ತನ್ನ ಬಾಯಿ ಮಾತ್ರ ತೆರೆಯಲಿಲ್ಲ. ಮೊಮ್ಮಗಳಿಗೆ ಮುತ್ತು. ಅವಳ ಮೇಲೆ ಸಿಟ್ಟಿಲ್ಲ.

ಮಾತು ಬಿಟ್ಟಿರುವ,
ನಿನ್ನ ಅತ್ತೆ


ಜನವರಿ ೧೯

ಅತ್ತೆ, ನಮಸ್ಕಾರ.

ನೀವು ಮನೆಯ ವಿಳಾಸಕ್ಕೆ ಬರೆಯದೆ ಕಚೇರಿಗೆ ಬರೆದಿರಿ. ಲಕೋಟೆಯ ಮೇಲೆ ದಪ್ಪ ಅಕ್ಷರದಲ್ಲಿ 'ದೂರು' ಎಂದು ಬೇರೆ ಬರೆದಿದ್ದಿರಿ. ಹಾಗಾಗಿ ಅದು ಎಲ್ಲರ ಮೇಜನ್ನೂ ಸುತ್ತಿ, ಸೀಲು ಹಾಕಿಸಿಕೊಂಡು, ಕೊನೆಗೆ ನನ್ನ ಕೈಸೇರಿತು. 'ಮನೆಗೆ ಮಾರಿ' ಎಂಬಲ್ಲಿ ಯಾರೋ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪಕ್ಕದಲ್ಲಿ 'ಪರಿಶೀಲಿಸಿ' ಎಂದು ಬರೆದಿದ್ದಾರೆ. ಪರಿಶೀಲನೆ ನಡೆಯುತ್ತಿದೆ.

ಒಂಬತ್ತರ ವಿಷಯ. ಅದು ಮದುವೆಗೆ ಕರೆಯಲು ಹೊರಟವರ ಹಾಗೆ ಪ್ರತಿಯೊಂದು ಗಲ್ಲಿಗೂ ತಲೆಹಾಕಿ ಹೋಗುತ್ತಿತ್ತು. ಯಾರನ್ನೂ ಹೊತ್ತಿಗೆ ಸರಿಯಾಗಿ ತಲುಪಿಸುತ್ತಿರಲಿಲ್ಲ. ನಿಮ್ಮ ಮನೆಯ ಹಿಂದಿನ ಹೊಸ ಬಡಾವಣೆಯಲ್ಲಿ ಎಷ್ಟು ಜನ ಬಂದು ನೆಲೆಸಿದ್ದಾರೆ, ನೀವೇ ನೋಡುತ್ತಿದ್ದೀರಿ. ಅವರಿಗೆಲ್ಲ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕು. ಅದಕ್ಕೇ ಫೆಬ್ರವರಿ ಕೊನೆಗೆ ನಿಮ್ಮ ಬೀದಿಯಿಂದ ಪೇಟೆಯ ದೊಡ್ಡ ನಿಲ್ದಾಣಕ್ಕೆ ನೇರವಾದ ಬಸ್ಸು ಬರುತ್ತದೆ. ಅದಕ್ಕೆ ರಸ್ತೆಯಲ್ಲಿ ಬೇರೆ ಯಾರೂ ನುಗ್ಗದ ಹಾಗೆ ತನ್ನದೇ ಪಥ ಇದೆ. ದೊಡ್ಡ ನಿಲ್ದಾಣದಲ್ಲಿ ಇಳಿದು ನಮ್ಮ ಕಡೆಯ ಬಸ್ಸು ಹತ್ತಿದರೆ ಆಯಿತು, ಟಿಕೆಟ್ಟು ಅದೇ. ಒಂದೇ ಒಂದು ಕಡೆ ಬದಲಾಯಿಸಬೇಕು, ಅಷ್ಟೇ.

ಅಲ್ಲಿಯವರೆಗೆ ಪ್ರತಿ ಗುರುವಾರ ನಿಮ್ಮ ಮಗ ಕಾರು ತರುತ್ತಾರೆ. ದಯವಿಟ್ಟು ಬನ್ನಿ.

ನನ್ನ ನಕ್ಷೆ ಸರಿಯಿದೆ ಎಂದೇ ನನ್ನ ನಂಬಿಕೆ. ನಿಮ್ಮ ಸಿಟ್ಟೂ ಸರಿಯಿದೆ. ಎರಡೂ ಸರಿಯಿದ್ದಾಗ ಏನು ಮಾಡಬೇಕು ಎಂದು ನಮ್ಮ ಕಚೇರಿಯ ನಿಯಮಗಳಲ್ಲಿ ಎಲ್ಲೂ ಬರೆದಿಲ್ಲ.

ಪರಿಶೀಲನೆಯಲ್ಲಿರುವ,
ನಿಮ್ಮ ಸೊಸೆ


ಫೆಬ್ರವರಿ ೨

ಸೊಸೆಗೆ,

ಕಾರು ಬಂದಿತ್ತು. ವಾಪಸ್ ಕಳಿಸಿದೆ. ಬಂದದ್ದು ವ್ಯರ್ಥವಾಗಬಾರದು ಅಂತ ನಿನ್ನ ಗಂಡನ ಪ್ಯಾಂಟಿನ ಜಿಪ್ಪು ಸರಿಮಾಡಿ ಕಳಿಸಿದ್ದೇನೆ.

ಯಾಕೆ ಬರುವುದಿಲ್ಲ ಅಂತ ಅವನು ಕೇಳಿದ. ಅವನಿಗೆ ಅರ್ಥವಾಗುವುದಿಲ್ಲ, ನಿನಗಾದರೂ ಹೇಳುತ್ತೇನೆ. ನಾನಾಗಿ ಬಂದರೆ ಮನೆಯವಳು, ಕರೆದುಕೊಂಡು ಬಂದರೆ ನೆಂಟಳು. ನೆಂಟಳಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕಿ, "ಹೊರಡೋಣ್ವಾ ಅಮ್ಮ?" ಅಂತ ಗಡಿಯಾರ ನೋಡುತ್ತಾರೆ. ಒಂಬತ್ತರಲ್ಲಿ ಬರುವಾಗ ನನಗೆ ಬೇಕಾದಾಗ ಬಂದೆ, ಬೇಜಾರಾದಾಗ ಎದ್ದೆ. ನಿನ್ನ ಅಡುಗೆ ಸರಿಯಿಲ್ಲದ ದಿನ ಬೇಗ ಎದ್ದದ್ದೂ ಉಂಟು.

ಒಂಬತ್ತನ್ನು ವಾಪಸ್ ತರಬೇಕೆಂದು ಬೀದಿಯಲ್ಲಿ ಸಹಿ ಹಾಕಿಸುತ್ತಿದ್ದೇನೆ. ಪಕ್ಕದ ಮನೆಯ ನರ್ಸು ಮಾತ್ರ ಹಾಕಲಿಲ್ಲ. "ಆಂಟೀ, ಆ ಬಸ್ಸಿಂದ ನಂಗೆ ದಿನಾ ಬೈಗುಳ. ಹೊಸದು ಬರ್ಲಿ ಬಿಡಿ" ಅಂದಳು. ಅವಳ ಯೂನಿಫಾರ್ಮು ನನ್ನ ಹತ್ತಿರವೇ ಇದೆ. ಮುಂದಿನ ವಾರದವರೆಗೆ ಕೊಡುವುದಿಲ್ಲ.

ಸೋಲದ,
ನಿನ್ನ ಅತ್ತೆ


ಮಾರ್ಚ್ ೧

ಅತ್ತೆ,

ಈ ಕಾಗದ ನಿಮಗೆ ಸಿಗುವ ಮೊದಲೇ ನೀವು ಬಾಗಿಲಾಚೆ ನೋಡಿರುತ್ತೀರಿ. ಆದರೂ ನಾನೇ ಹೇಳಬೇಕು.

ಹೊಸ ಬಸ್ಸಿನ ಕೊನೆಯ ನಿಲ್ದಾಣ ನಿಮ್ಮ ಅಂಗಡಿಯ ಎದುರಿಗೇ ಬಂತಲ್ಲ, ಆ ಮೂಲೆಗೆ ಹೆಸರೇ ಇರಲಿಲ್ಲ. ಹಳೆಯ ಬೀದಿ ಮುಗಿದು ಹೊಸ ಬಡಾವಣೆ ಶುರುವಾಗುವ ಜಾಗ, ಎರಡೂ ಕಡೆಯವರಿಗೆ ಬೇಡವಾದದ್ದು. ಮೊದಲ ಸಭೆಯಲ್ಲೇ ಯಾರೋ ಕೇಳಿದರು, "ಈ ತುದಿಗೆ ಏನಂತ ಕರೆಯೋದು?" ನಾನು ಯೋಚಿಸದೆ, "ಅಲ್ಲೇ, ನಮ್ಮ ಅತ್ತೆ ಮನೆ" ಅಂದೆ. ಆಮೇಲೆ ಎಲ್ಲರೂ ಹಾಗೇ ಅಂದರು. "ಅತ್ತೆ ಮನೆಯಲ್ಲಿ ಬಸ್ಸು ತಿರುಗಲು ಜಾಗ ಇದೆಯಾ?", "ಅತ್ತೆ ಮನೆಗೆ ನೆರಳಿನ ಚಾವಣಿ ಸಾಕಾ?" ನಕ್ಷೆಯಲ್ಲೂ ಹಾಗೇ ಬರೆದೆ, ಹೆಸರು ಬಂದಮೇಲೆ ತಿದ್ದಿದರಾಯಿತು ಅಂತ.

ತಿದ್ದಲಿಲ್ಲ. ನಕ್ಷೆ ಹಾಗೇ ಬೋರ್ಡು ಬರೆಯುವವರಿಗೆ ಹೋಯಿತು. ಬಸ್ಸಿನೊಳಗೆ ಹೇಳುವ ಧ್ವನಿಯನ್ನೂ ಹಾಗೇ ಮುದ್ರಿಸಿದ್ದಾರೆ. ಇವತ್ತು ಮೊದಲ ಬಸ್ಸಿನಲ್ಲಿ ನಾನು, ನಮ್ಮ ಮೇಲಧಿಕಾರಿ, ಕಚೇರಿಯವರೆಲ್ಲ ಕೂತಿದ್ದೆವು. ಹೊರಡುವಾಗ ಒಂದು ಮಧುರವಾದ ಹೆಣ್ಣುಧ್ವನಿ ಹೇಳಿತು: "ಈ ಬಸ್ಸು ಅತ್ತೆ ಮನೆಗೆ ಹೋಗುತ್ತದೆ. ದಯವಿಟ್ಟು ತಾಳ್ಮೆಯಿಂದ ಇರಿ."

ಬಸ್ಸೆಲ್ಲ ನಕ್ಕಿತು. ಮೇಲಧಿಕಾರಿ ನಗಲಿಲ್ಲ. ಕಾರಣ ಕೇಳಿ ನನಗೆ ನೋಟಿಸು ಬಂದಿದೆ. ಹೆಸರು ಬದಲಾಯಿಸಲು ಸಮಿತಿ ಕೂರಬೇಕು, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ನಿಮ್ಮನ್ನು ಗೇಲಿ ಮಾಡಲು ಮಾಡಿದ್ದಲ್ಲ, ನಂಬಿ. ಆ ಜಾಗವನ್ನು ಬೇರೆ ಹೆಸರಿನಿಂದ ಯೋಚಿಸಲು ನನಗೆ ಬರುವುದೇ ಇಲ್ಲ.

ತಲೆ ತಗ್ಗಿಸಿರುವ,
ನಿಮ್ಮ ಸೊಸೆ


ಮಾರ್ಚ್ ೧೪

ಸೊಸೆಗೆ,

ಮೊದಲ ದಿನ ನಿನ್ನನ್ನು ಕೈಯಲ್ಲಿದ್ದ ಕತ್ತರಿಯಿಂದಲೇ ವಿಚಾರಿಸಿಕೊಳ್ಳಬೇಕು ಅನ್ನಿಸಿತು. ಮೂರನೇ ದಿನದ ಹೊತ್ತಿಗೆ ನಗು ತಡೆಯಲಾಗಲಿಲ್ಲ.

ಇಲ್ಲಿಯ ಸುದ್ದಿ ಕೇಳು. ಹಣೆಯ ಮೇಲೆ 'ಅತ್ತೆ ಮನೆ' ಅಂತ ಬರೆದುಕೊಂಡು ಬಸ್ಸುಗಳು ಒಂದರ ಹಿಂದೆ ಒಂದು ಬರುತ್ತವೆ. ಬೆಳಿಗ್ಗೆ ಖಾಲಿ ಬರುತ್ತವೆ, ಸಂಜೆ ತುಂಬಿ ಬರುತ್ತವೆ. ಗಂಡಸರು ಇಳಿಯುವಾಗ ಒಬ್ಬರ ಮುಖ ಒಬ್ಬರು ನೋಡಿ, "ನಿಮ್ಮದೂ ಇಲ್ಲೇನಾ?" ಅಂತ ಕೇಳಿಕೊಳ್ಳುತ್ತಾರೆ. ಮೊನ್ನೆ ಹೊಸದಾಗಿ ಮದುವೆಯಾದವನೊಬ್ಬ ಕಂಡಕ್ಟರಿಗೆ, "ನನ್ನನ್ನ ಒಂದು ಸ್ಟಾಪ್ ಹಿಂದೆ ಇಳಿಸ್ರೀ, ಧೈರ್ಯ ತಂದ್ಕೊಂಡು ನಡ್ಕೊಂಡು ಬರ್ತೀನಿ" ಅಂದನಂತೆ. ಜೈಲಿನ ಹತ್ತಿರದ ನಿಲ್ದಾಣಕ್ಕೆ 'ಮಾವನ ಮನೆ' ಅಂತ ಹೆಸರಿಟ್ಟರೆ ಲೆಕ್ಕ ಸರಿಹೋಗುತ್ತದೆ ಅಂತ ನಮ್ಮ ಬೀದಿಯ ಬೇಕರಿಯವನು ಹೇಳುತ್ತಿದ್ದಾನೆ. ನಿಮ್ಮ ಸಮಿತಿಗೆ ತಿಳಿಸು.

ಗಿರಾಕಿಗಳೂ ಹೆಚ್ಚಿದ್ದಾರೆ. ಬಸ್ಸು ಕಾಯುತ್ತ ನಿಂತವರಿಗೆ ತಮ್ಮ ಅಂಗಿಯ ಬಿಟ್ಟುಹೋದ ಗುಂಡಿ ನೆನಪಾಗುತ್ತದೆ. ನರ್ಸು ಈಗ ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ಹೋಗುತ್ತಾಳೆ. ಅವಳ ಯೂನಿಫಾರ್ಮು ಕೊಟ್ಟುಬಿಟ್ಟೆ. ಸಹಿ ಹಾಕಿದವರೂ ಒಬ್ಬೊಬ್ಬರಾಗಿ ಬಂದು, "ಹೊಸ ಬಸ್ಸೇ ಚೆನ್ನಾಗಿದೆ, ನಮ್ಮ ಹೆಸರು ಹೊಡೆದುಹಾಕಿ" ಅಂದರು. ಹೊಡೆದುಹಾಕಿದೆ. ಈಗ ಉಳಿದಿರುವುದು ನನ್ನ ಸಹಿ ಒಂದೇ.

ನೋಟಿಸಿಗೆ ಏನು ಉತ್ತರ ಕೊಟ್ಟೆ? ಬೇಕಾದರೆ ನಾನೇ ಬರೆದುಕೊಡುತ್ತೇನೆ. ನನ್ನ ಸೊಸೆಯನ್ನು ಬೈಯುವ ಹಕ್ಕು ನನಗೊಬ್ಬಳಿಗೇ ಇರುವುದು.

ಬಸ್ಸಿನ ಹಣೆಯಲ್ಲಿ ಬರೆಸಿಕೊಂಡ,
ನಿನ್ನ ಅತ್ತೆ


ಏಪ್ರಿಲ್ ೨೨

ಅತ್ತೆ,

ನೋಟಿಸಿಗೆ 'ಅಭ್ಯಾಸಬಲ' ಎಂದು ಉತ್ತರ ಕೊಟ್ಟೆ. ಮೇಲಧಿಕಾರಿ ಓದಿ, "ನನಗೂ ಮದುವೆಯಾಗಿದೆ, ಹೋಗಿ" ಅಂದರು. ಒಂದು ಎಚ್ಚರಿಕೆಯಲ್ಲಿ ಮುಗಿಯಿತು.

ಈಗ ಬೇರೆ ಮಾತು. ನೀವು ತಪ್ಪು ತಿಳಿಯಬಾರದು.

ಬಸ್ಸು ನಿಮ್ಮ ಬಾಗಿಲಿಗೇ ಬಂದಿದೆ, ಚೆನ್ನಾಗಿದೆ ಅಂತ ನೀವೇ ಬರೆದಿರಿ. ಸಿಟ್ಟು ಇಳಿದದ್ದು ಅಕ್ಷರದಲ್ಲೇ ಕಾಣುತ್ತಿದೆ. ಆದರೆ ಒಂದು ಗುರುವಾರವೂ ನೀವು ಬಂದಿಲ್ಲ. ಗುರುವಾರ ಶಾಲೆಯಿಂದ ಬಂದ ಕೂಡಲೇ ನಿಮ್ಮ ಮೊಮ್ಮಗಳು ಕಿಟಕಿಗೆ ಹೋಗುತ್ತಾಳೆ.

ಮಾತು ಬಿಟ್ಟಿದ್ದಕ್ಕಾದರೆ ನನ್ನ ಹತ್ತಿರ ಮಾತಾಡಬೇಡಿ, ಬಂದು ಸುಮ್ಮನೆ ಕೂತು ಹೋಗಿ. ಆದರೆ ಅದು ಕಾರಣವಲ್ಲ ಅಂತ ನನಗನ್ನಿಸುತ್ತಿದೆ. ಏನಾಗಿದೆ ಅತ್ತೆ?

ನಿಮ್ಮ ಸೊಸೆ


ಮೇ ೪

ಸೊಸೆಗೆ,

ಈ ಕಾಗದವನ್ನು ನನ್ನ ಮಗನಿಗೆ ತೋರಿಸಬೇಡ.

ಮಾರ್ಚ್ ಕೊನೆಯಲ್ಲಿ ಒಂದು ಗುರುವಾರ ಹೊರಟಿದ್ದೆ. ದೊಡ್ಡ ನಿಲ್ದಾಣದವರೆಗೆ ಬಂದೆ. ಇಳಿದೆ. ಅಲ್ಲಿ ಎಷ್ಟು ಬಸ್ಸು, ಎಷ್ಟು ಜನ, ಎಲ್ಲರಿಗೂ ಅವರವರ ದಾರಿ ಗೊತ್ತು. ಮೇಲಿನ ಬೋರ್ಡನ್ನು ನಾನು ಓದಿ ಮುಗಿಸುವಷ್ಟರಲ್ಲಿ ಅದು ಬದಲಾಗುತ್ತದೆ. ನಿಮ್ಮ ಬೀದಿಯ ಹೆಸರು ಎಲ್ಲೂ ಇಲ್ಲ. ನನಗೆ ಹೋಗಬೇಕಾಗಿಲ್ಲದ ಕೊನೆಯ ನಿಲ್ದಾಣಗಳ ಹೆಸರೇ ಎಲ್ಲ ಕಡೆ. ಸ್ವಲ್ಪ ಹೊತ್ತು ಕಂಬ ಹಿಡಿದು ನಿಂತೆ. ಆಮೇಲೆ 'ಅತ್ತೆ ಮನೆ' ಅಂತ ಬರೆದಿದ್ದ ಬಸ್ಸು ಬಂತು. ಅದೊಂದು ನನಗೆ ಗೊತ್ತಿತ್ತು. ಹತ್ತಿ ವಾಪಸ್ ಬಂದೆ.

ಇಷ್ಟು ವರ್ಷ ಈ ಊರಿನಲ್ಲಿದ್ದೇನೆ, ನನಗೆ ಗೊತ್ತಿರುವುದು ಒಂಬತ್ತರ ದಾರಿ ಒಂದೇ. ಒಂಬತ್ತು ಇರುವವರೆಗೆ ಅದು ನನಗೂ ತಿಳಿದಿರಲಿಲ್ಲ, ಬೇರೆಯವರಿಗೂ ತಿಳಿದಿರಲಿಲ್ಲ.

ಯಾರನ್ನಾದರೂ ಕೇಳಬಹುದಿತ್ತಲ್ಲ ಅನ್ನುತ್ತೀಯ. ಗುಂಡಿ ಅಂಗಡಿಯ ನನ್ನ ಗೆಳತಿ ಗೊತ್ತಲ್ಲ? ಎರಡು ವರ್ಷದ ಹಿಂದೆ ಮಾರುಕಟ್ಟೆಯ ಹಿಂದೆ ದಾರಿ ತಪ್ಪಿದಳು. ಒಬ್ಬರನ್ನು ಕೇಳಿದಳು. ಅವರು ದಾರಿ ಹೇಳಲಿಲ್ಲ, "ಅಜ್ಜಿ, ನಿಮ್ಮ ಮಕ್ಕಳ ನಂಬರ್ ಕೊಡಿ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಮಗಳು ಅಳುತ್ತ ಓಡಿಬಂದಳು. ಮಾರನೇ ದಿನದಿಂದ ನನ್ನ ಗೆಳತಿ ಒಬ್ಬಳೇ ಹೊರಗೆ ಹೋಗಬಾರದು ಅಂತ ತೀರ್ಮಾನವಾಯಿತು. ಈಗ ಅಂಗಡಿ ಇಲ್ಲ. ಮಗಳ ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಅಷ್ಟು ಚೆನ್ನಾಗಿ ನೋಡಿಕೊಂಡರೆ ನಾನು ಸತ್ತೇ ಹೋಗುತ್ತೇನೆ.

ದಾರಿ ತಪ್ಪುವುದಕ್ಕೆ ನನಗೆ ಹೆದರಿಕೆ ಇಲ್ಲ. ತಪ್ಪಿದ್ದು ನಿಮಗೆ ಗೊತ್ತಾಗುತ್ತದಲ್ಲ, ಅದಕ್ಕೆ ಹೆದರಿಕೆ.

ಅತ್ತೆ


ಮೇ ೮

ಅತ್ತೆ,

ನಿಮ್ಮ ಕಾಗದವನ್ನು ಯಾರಿಗೂ ತೋರಿಸಿಲ್ಲ. ಓದಿ ನನಗೆ ಅಳು ಬಂತು, ಆಮೇಲೆ ನನ್ನ ಮೇಲೇ ಕೋಪ ಬಂತು. 'ಒಂದೇ ಒಂದು ಕಡೆ ಬದಲಾಯಿಸಬೇಕು, ಅಷ್ಟೇ' ಅಂತ ಎಷ್ಟು ಸಲೀಸಾಗಿ ಬರೆದಿದ್ದೆ.

ನಾನೇ ಬಂದು ಒಂದು ಸಲ ಜೊತೆಗೆ ಕರೆದುಕೊಂಡು ಹೋಗಿ ತೋರಿಸುತ್ತೇನೆ ಅಂತ ಮೊದಲು ಬರೆದೆ. ಆ ಹಾಳೆ ಹರಿದು ಹಾಕಿದೆ. ನೀವು ಕೇಳಿದ್ದು ಅದಲ್ಲ.

ಅದರ ಬದಲು ಒಂದು ಮಾತು ಕೊಡುತ್ತೇನೆ. ನೀವು ಹೊರಡಿ. ದಾರಿ ತಪ್ಪಿದರೆ ತಪ್ಪಲಿ. ನಾನು ಹುಡುಕಲು ಬರುವುದಿಲ್ಲ. ಫೋನು ಮಾಡಿ "ಎಲ್ಲಿದ್ದೀರಿ?" ಅಂತ ಕೇಳುವುದಿಲ್ಲ. ನಿಮ್ಮ ಮಗನನ್ನೂ ಬಿಡುವುದಿಲ್ಲ. ಎಷ್ಟು ಹೊತ್ತಾದರೂ ನೀವಾಗಿಯೇ ಬರುವವರೆಗೆ ಕೂತಿರುತ್ತೇನೆ. ಬಂದ ಮೇಲೆ ಯಾಕೆ ತಡ ಅಂತಲೂ ಕೇಳುವುದಿಲ್ಲ.

ತಪ್ಪು ಬಸ್ಸು ಹತ್ತಿದ್ದು ಗೊತ್ತಾದರೆ ಗಾಬರಿಯಾಗಿ ಇಳಿಯಬೇಡಿ. ಕೂತೇ ಇರಿ. ಕೊನೆಯವರೆಗೆ ಹೋಗಿ ಅದು ತಿರುಗಿ ಬಂದೇ ಬರುತ್ತದೆ. ಈ ಊರಿನ ಯಾವ ಬಸ್ಸೂ ಊರು ಬಿಟ್ಟು ಓಡಿಹೋಗುವುದಿಲ್ಲ.

ಒಂದು ಗುಟ್ಟು: ಮೊದಲ ದಿನ ನಿಮ್ಮ ಕಡೆಯಿಂದ ವಾಪಸ್ ಬಂದಾಗ ದೊಡ್ಡ ನಿಲ್ದಾಣದಲ್ಲಿ ನಮ್ಮ ಮೇಲಧಿಕಾರಿಯನ್ನು ನಾನೇ ತಪ್ಪಾಗಿ ಕೈತೋರಿಸಿ ಬೇರೆ ಬಸ್ಸಿಗೆ ಹತ್ತಿಸಿದ್ದೆ. ಕಲ್ಲು ಕ್ವಾರಿಯವರೆಗೆ ಹೋಗಿಬಂದರು. ಬೋರ್ಡುಗಳ ಮೇಲೆ ನಡುವಿನ ಬೀದಿಗಳ ಹೆಸರೂ ಇರಬೇಕು ಅಂತ ನಮ್ಮ ಕಚೇರಿಯಲ್ಲಿ ಆವತ್ತಿನಿಂದ ಅವರೇ ಕೂಗಾಡುತ್ತಿದ್ದಾರೆ.

ಮಾತು ಕೊಟ್ಟಿರುವ,
ನಿಮ್ಮ ಸೊಸೆ


ಮೇ ೨೨

ಅತ್ತೆ,

ಮಾತಾಡಲು ಶುರುಮಾಡಿದಿರಿ, ಇನ್ನು ಕಾಗದವೇಕೆ ಅನ್ನಬೇಡಿ. ನಿನ್ನೆಯದನ್ನು ಎದುರಿಗೆ ಹೇಳಲು ನನ್ನಿಂದ ಆಗುವುದಿಲ್ಲ.

ಬೆಳಿಗ್ಗೆ ನೀವು ಮೊಮ್ಮಗಳಿಗೆ ಫೋನು ಮಾಡಿ, "ಊಟಕ್ಕೆ ಬರ್ತೀನಿ ಅಂತ ನಿಮ್ಮಮ್ಮಂಗೆ ಹೇಳು" ಅಂದಿರಿ. ನಾನು ರಜೆ ಹಾಕಿದೆ. ಊಟದ ಹೊತ್ತು ಬಂತು, ನೀವು ಬರಲಿಲ್ಲ. ಅಡುಗೆ ಆರಿತು. ಬಿಸಿಮಾಡಿದೆ, ಮತ್ತೆ ಆರಿತು. ನಿಮ್ಮ ಮಗ ಆಸ್ಪತ್ರೆಯಿಂದ ಬಂದವರು ಚಪ್ಪಲಿ ಬಿಡದೆ, "ಅಮ್ಮ ಎಲ್ಲಿ?" ಅಂದರು. ಬರ್ತಿದ್ದಾರೆ ಅಂದೆ. "ಎಲ್ಲಿಂದ? ಯಾವ ಬಸ್ಸು? ಫೋನ್ ಮಾಡ್ದೆಯಾ?" ಇಲ್ಲ ಅಂದೆ. ಅವರು ಕಾರಿನ ಕೀಲಿಗೆ ಕೈಹಾಕುವ ಮೊದಲೇ ನಾನು ಅದನ್ನು ಎತ್ತಿಕೊಂಡು ಹೊರಗೆ ಮೆಟ್ಟಿಲ ಮೇಲೆ ಬಂದು ಕೂತೆ.

ಮದುವೆಯಾದ ಮೇಲೆ ಅವರು ನನ್ನ ಮೇಲೆ ಕೂಗಿದ್ದು ಇದೇ ಮೊದಲು. "ನಿನ್ನ ತಾಯಿ ಆಗಿದ್ರೆ ಹೀಗೆ ಕೂತಿರ್ತಿದ್ಯಾ?" ಅಂದರು. ಒಳಗೊಳಗೆ ನನಗೂ ಅದೇ ಪ್ರಶ್ನೆ. ಏನಾದರೂ ಆಗಿದ್ದರೆ? ಬಿದ್ದಿದ್ದರೆ? ಕೊಟ್ಟ ಮಾತು ದೊಡ್ಡದೋ, ಅತ್ತೆ ದೊಡ್ಡವರೋ? ಹತ್ತು ಸಲ ಏಳಬೇಕು ಅನ್ನಿಸಿತು. ಮಗಳು ಬಂದು ಪಕ್ಕದಲ್ಲಿ ಕೂತು, "ಅಜ್ಜಿ ಕಳೆದುಹೋದ್ರಾ?" ಅಂತ ಕೇಳಿದಳು. ಇಲ್ಲ, ಊರು ನೋಡ್ತಿದ್ದಾರೆ ಅಂದೆ. ಅವಳು ನನ್ನ ತೋಳು ಹಿಡಿದುಕೊಂಡಳು.

ಆಗ ನೀವು ಬಂದಿರಿ. ಬಸ್ಸು ನಿಲ್ಲುವ ಕಡೆಯಿಂದಲ್ಲ, ನಮ್ಮ ಬೀದಿಯ ಬೇಕರಿಯ ಕಡೆಯಿಂದ, ಕೈಯಲ್ಲಿ ಹೂವಿನ ಕುಂಡ ಹಿಡಿದುಕೊಂಡು. ನಾಲ್ಕು ತಿಂಗಳ ಮೇಲೆ ನನ್ನ ಹತ್ತಿರ ಆಡಿದ ಮೊದಲ ಮಾತು, "ಏನು, ಎಲ್ಲರೂ ಹೊರಗೆ ಕೂತಿದ್ದೀರಿ? ಮನೆಗೆ ಬೀಗ ಬಿದ್ದಿದ್ಯಾ?"

ಯಾಕೆ ತಡ ಅಂತ ನಾನು ಕೇಳಲಿಲ್ಲ, ನೋಡಿದಿರಿ ತಾನೆ? ನಾಲಿಗೆ ಕಚ್ಚಿಕೊಂಡು ನಾಲಿಗೆಯೇ ನೋಯುತ್ತಿದೆ. ಇನ್ನೊಂದು ವಿಷಯ: ಹೆಸರಿನ ಸಮಿತಿ ಕೂತು ನಿಮ್ಮ ಮೂಲೆಗೆ 'ಉತ್ತರ ಬಡಾವಣೆ ಕೊನೆಯ ನಿಲ್ದಾಣ' ಅಂತ ಇಟ್ಟಿದೆ. ಬೋರ್ಡು ಬದಲಾಗುತ್ತದೆ.

ನಿಮ್ಮ ಸೊಸೆ


ಮೇ ೩೦

ಸೊಸೆಗೆ,

ಬೋರ್ಡು ಬದಲಾಯಿತು. ಕಂಡಕ್ಟರು ಹೊಸ ಹೆಸರು ಓದಿ ಮುಗಿಸುವಷ್ಟರಲ್ಲಿ ಬಸ್ಸು ಮುಂದಿನ ಸುತ್ತಿಗೆ ಹೊರಟಿರುತ್ತದೆ. ಅದಕ್ಕೇ "ಅತ್ತೆ ಮನೆ, ಅತ್ತೆ ಮನೆ" ಅಂತಲೇ ಕೂಗುತ್ತಾನೆ.

ನೀನು ಕೇಳದೇ ಇದ್ದದ್ದಕ್ಕೆ ನಾನೇ ಹೇಳುತ್ತೇನೆ. ತಪ್ಪು ಬಸ್ಸೇ ಹತ್ತಿದೆ. ಗೊತ್ತಾದಾಗ ಮುಂದಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದೆ. ನೀನು ಹೇಳಿದ ಹಾಗೆ ಕೂತೇ ಇದ್ದೆ. ಅದು ಊರೆಲ್ಲ ದಾಟಿ ಒಂದು ದೊಡ್ಡ ಜಲಾಶಯದ ದಡದಲ್ಲಿ ನಿಂತಿತು. ನಾವೆಲ್ಲ ಕುಡಿಯುವ ನೀರು ಅಲ್ಲಿಂದ ಬರುತ್ತದಂತೆ. ಅಷ್ಟು ನೀರನ್ನು ಒಂದೇ ಕಡೆ ನಾನು ಯಾವತ್ತೂ ನೋಡಿರಲಿಲ್ಲ. ಡ್ರೈವರು ಟೀ ಕೊಡಿಸಿ, "ಎಲ್ಲಿಂದ ಬಂದ್ರಿ ಅಮ್ಮ, ಅತ್ತೆ ಮನೆಯಿಂದಾನಾ?" ಅಂದ. "ಅತ್ತೆ ಮನೆಯಿಂದಲ್ಲಪ್ಪ, ನಾನೇ ಅತ್ತೆ" ಅಂದೆ. ನಕ್ಕು ನಕ್ಕು ಟೀ ಚೆಲ್ಲಿಕೊಂಡ. ಮಕ್ಕಳ ನಂಬರ್ ಮಾತ್ರ ಕೇಳಲಿಲ್ಲ. ಮುಂದಿನ ಬಸ್ಸಿನವರೆಗೆ ಅಲ್ಲೇ ಗಾಳಿಗೆ ಕೂತಿದ್ದು, ಒಂದು ಗಿಡ ಕೊಂಡು ಹೊರಟೆ.

ಇನ್ನೊಂದು ಹೇಳಬೇಕು, ಸಿಟ್ಟಾಗಬೇಡ. ಅಥವಾ ಆಗು, ನಿನ್ನ ಸರದಿ. ನಾನು ನಿಮ್ಮ ಬೀದಿಗೆ ಬಂದು ಸ್ವಲ್ಪ ಹೊತ್ತಾಗಿತ್ತು. ನನ್ನ ಮಗ ಕೂಗುವುದು ಕೇಳಿ ಬೇಕರಿಯ ಪಕ್ಕ ನಿಂತುಬಿಟ್ಟೆ. ನೀನು ಮೆಟ್ಟಿಲ ಮೇಲೆ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದೆ. ಅವನು ಏನೇನೋ ಅಂದ, ನೀನು ಏಳಲಿಲ್ಲ. ನನ್ನ ಜನ್ಮದಲ್ಲಿ ನನಗೋಸ್ಕರ ಓಡಾಡಿದವರು ಬಹಳ ಜನ ಇದ್ದಾರೆ. ನನಗೋಸ್ಕರ ಹಾಗೆ ಕೂತವರು ಯಾರೂ ಇಲ್ಲ. ಅದನ್ನು ಕಣ್ತುಂಬ ನೋಡದೆ ಬರಲು ನನಗೆ ಮನಸ್ಸಾಗಲಿಲ್ಲ.

ಈ ಗುರುವಾರ ಹದಿನಾಲ್ಕನೇ ನಂಬರ್ ಹತ್ತುತ್ತೇನೆ. ಅದು ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ, ನೀನೂ ಹೇಳಬೇಡ. ಊಟಕ್ಕೆ ನನ್ನನ್ನು ಕಾಯಬೇಡಿ.

ಪ್ರೀತಿಯ,
ಅತ್ತೆ